ಚೇರಂಬಾಣೆ ಹತ್ತಿರ ತೋಟದ ದಾರಿಯಲ್ಲಿ ಟೈಮ್ ಟ್ರಯಲ್ ಮಾಡಿದೆವು. ಇಳಿಜಾರಿನ ಸಮಯ ಲೆಕ್ಕಕ್ಕೆ ಇರಬೇಕಾ, ಬೇಡವಾ?

ಬಾಣೆಬೈಕು · ಭಾನುವಾರ, ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ಇವತ್ತು ಬೆಳಿಗ್ಗೆ ನಾವು ಆರು ಜನ ಗೆಳೆಯರು ಸೇರಿ ಮೌಂಟನ್ ಬೈಕಲ್ಲಿ ಟೈಮ್ ಟ್ರಯಲ್, ಅಂದರೆ ಒಬ್ಬೊಬ್ಬರನ್ನೇ ಬಿಟ್ಟು ಸಮಯ ನೋಡುವ ಓಟ, ಓಡಿಸಿದೆವು. ಸ್ವಲ್ಪ ಉದ್ದ ಬರೆಯುತ್ತೇನೆ. ಕೊನೆಯಲ್ಲಿ ಒಂದು ಪ್ರಶ್ನೆ ಇದೆ, ಅದಕ್ಕೆ ನಿಮ್ಮ ಅಭಿಪ್ರಾಯ ಬೇಕು.

ಜಾಗ ಕೊಡಗಿನ ಚೇರಂಬಾಣೆ ಹತ್ತಿರ, ನಮ್ಮ ಗುಂಪಿನ ಒಬ್ಬನ ಚಿಕ್ಕಪ್ಪನ ಕಾಫಿ ತೋಟ. ಮಳೆ ಬಿಟ್ಟು ಎರಡು ವಾರ ಆಗಿದೆ. ಅರೇಬಿಕಾ ಈಗಷ್ಟೇ ಕೆಂಪಾಗುತ್ತಿದೆ, ಕೊಯ್ಲು ಇನ್ನೂ ಶುರುವಾಗಿಲ್ಲ. ದಾರಿ ಹೀಗಿದೆ. ಗೇಟಿನಿಂದ ಕಾಫಿ ಒಣಗಿಸುವ ಕಣ, ಕಣದಿಂದ ಕೆಲಸದವರ ಲೈನ್ ಮನೆಗಳ ಪಕ್ಕ ಹಾದು, ಸಿಲ್ವರ್ ಮರಗಳ ಮಧ್ಯೆ ಹತ್ತಿ, ಮೇಲೆ ಬಾಣೆಯ (ಗುಡ್ಡದ ಹುಲ್ಲುಗಾವಲು) ಬಂಡೆವರೆಗೆ 4.2 ಕಿ.ಮೀ. ಏರಿಕೆ 210 ಮೀಟರ್. ಆಮೇಲೆ ಇನ್ನೊಂದು ಕಡೆಯ ಓಣಿಯಲ್ಲಿ 2.6 ಕಿ.ಮೀ. ಇಳಿದು ಮತ್ತೆ ಕಣಕ್ಕೆ.

ಒಬ್ಬೊಬ್ಬರಾಗಿ, ಎರಡು ನಿಮಿಷಕ್ಕೆ ಒಬ್ಬರಂತೆ ಬಿಟ್ಟೆವು. ಮೊದಲನೆಯವನು 7:00ಕ್ಕೆ, ಆರನೆಯವನು 7:10ಕ್ಕೆ. ಕೆಳಗೆ ತೋಟದ ಲೆಕ್ಕ ಬರೆಯುವ ರೈಟರಣ್ಣ ಸಮಯ ಬರೆದುಕೊಂಡರು. ಬಾಣೆಯ ಮೇಲೆ ನನ್ನ ತಮ್ಮ ನಿಂತಿದ್ದ. ಇಬ್ಬರ ಫೋನಿನ ಗಡಿಯಾರ ಸೆಕೆಂಡಿಗೆ ಸೆಕೆಂಡು ಹೊಂದುತ್ತಾ ಅಂತ ಮೊದಲೇ ಪಕ್ಕಪಕ್ಕ ಇಟ್ಟು ನೋಡಿದ್ದೆವು. ರೈಟರಣ್ಣ ಕಾಫಿ ತೂಕ ಬರೆಯುವ ಉದ್ದದ ಪುಸ್ತಕದಲ್ಲೇ ಹೊಸ ಹಾಳೆ ತೆಗೆದು ಗೆರೆ ಎಳೆದರು. ಹೆಸರು, ಬಿಟ್ಟ ಸಮಯ, ಬಂದ ಸಮಯ. ಕೆಜಿ ಬರೆಯುವ ಕಾಲಂನಲ್ಲಿ ಸೆಕೆಂಡು ಬರೆದರು. ಆ ಹಾಳೆಯ ಫೋಟೋ ನನ್ನ ಹತ್ತಿರ ಇದೆ.

ನಾನು ಎಷ್ಟೋ ಸಲ ಗೆಳೆಯರ ಜೊತೆ ಈ ದಾರಿ ಹತ್ತಿದ್ದೇನೆ. ಆದರೆ ಒಬ್ಬನೇ, ಗಡಿಯಾರ ಓಡುತ್ತಿರುವಾಗ ಹತ್ತೋದು ಬೇರೆಯೇ. ಮಾತಿಲ್ಲ. ಮುಂದೆ ಯಾರ ಚಕ್ರವೂ ಕಾಣೋದಿಲ್ಲ. ಮಂಜಿನಲ್ಲಿ ಮೆಣಸಿನ ಬಳ್ಳಿಯಿಂದ ನೀರು ತೊಟ್ಟಿಕ್ಕೋದು, ನನ್ನ ಉಸಿರು, ಚೈನಿನ ಸದ್ದು ಅಷ್ಟೇ. ಮೊದಲ ಒಂದು ಕಿ.ಮೀ. ಹುಮ್ಮಸ್ಸಿನಲ್ಲಿ ಜೋರಾಗಿ ತುಳಿದುಬಿಟ್ಟೆ. ಲೈನ್ ಮನೆ ದಾಟುವಷ್ಟರಲ್ಲಿ ತೊಡೆ ಉರಿಯೋಕೆ ಶುರು. ನಿಧಾನ ಮಾಡೋಣ ಅಂದರೆ ಹಿಂದೆ ಬರುತ್ತಿರುವವನು ಹಿಡಿದುಬಿಡ್ತಾನೆ ಅನ್ನೋ ಭಯ. ಯಾರೂ ಹಿಡಿಯಲಿಲ್ಲ. ಆದರೆ ಆ ಭಯವೇ ನನ್ನನ್ನು ಮೇಲೆ ತಳ್ಳಿತು.

ಏರಿಕೆಯಲ್ಲಿ ನನ್ನದು 19:48. ಇಳಿಜಾರು 6:26. ಒಟ್ಟು 26:14. ಗೆದ್ದವನದು 19:20 ಮತ್ತು 5:31, ಒಟ್ಟು 24:51.

ಈಗ ಪ್ರಶ್ನೆಗೆ ಬರುತ್ತೇನೆ. ಐದನೆಯವನು ಓಣಿಯಲ್ಲಿ ಬಿದ್ದ. ಮೂರನೇ ತಿರುವಿನಲ್ಲಿ ಒಬ್ಬ ಅಕ್ಕ ತಲೆ ಮೇಲೆ ಸೌದೆ ಹೊರೆ ಹೊತ್ತು ಎದುರು ಬಂದರು. ಇವನು ಎರಡೂ ಬ್ರೇಕ್ ಒತ್ತಿ ಹಿಡಿದು ಪಕ್ಕದ ಕಾಫಿ ಗಿಡಕ್ಕೆ ನುಗ್ಗಿದ. ಮೊಣಕೈ ತರಚಿತು, ಬಲಗಡೆ ಬ್ರೇಕ್ ಲಿವರ್ ಮುರಿಯಿತು, ಕಾಯಿ ಇದ್ದ ಎರಡು ರೆಕ್ಕೆ (ಗಿಡದ ಕೊಂಬೆ) ಹೋದವು. ಅಕ್ಕನಿಗೆ ಏನೂ ಆಗಲಿಲ್ಲ. ಇಬ್ಬರ ಮಧ್ಯೆ ಒಂದು ಮೊಳ ಜಾಗ ಇತ್ತಂತೆ. ಅವರೇ ಹೊರೆ ಇಳಿಸಿ ಇವನನ್ನು ಎಬ್ಬಿಸಿದರು.

ಭಾನುವಾರ ಕೆಲಸಕ್ಕೆ ರಜೆ, ದಾರಿ ಖಾಲಿ ಇರುತ್ತೆ ಅಂತ ನಾವು ಲೆಕ್ಕ ಹಾಕಿದ್ದೆವು. ರಜೆ ದಿನವೇ ಲೈನ್ ಮನೆಯವರು ಸೌದೆ ತರೋದು ಅನ್ನೋದು ನಮ್ಮ ಆರು ಜನರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಇನ್ನು ಮೂರು ವಾರಕ್ಕೆ ಮತ್ತೆ ಮಾಡೋಣ ಅಂತ ಎಲ್ಲರಿಗೂ ಆಸೆ. ಇಳಿಜಾರಿಗೂ ಸಮಯ ಹಿಡಿಯಬೇಕಾ? ಏರಿಕೆ ಒಂದಕ್ಕೇ ಸಾಕಾ?

---

ಗಾಳಿಬೀಡು_ಗಾಳಿ · ಭಾನುವಾರ, ರಾತ್ರಿ 9:15

ಗೆಳೆಯ ಈಗ ಹೇಗಿದ್ದಾರೆ? ಮೊಣಕೈ ಗಾಯದೊಳಗೆ ಮಣ್ಣು ಉಳಿಯದ ಹಾಗೆ ಚೆನ್ನಾಗಿ ತೊಳೆಸಿ. ಟಿ.ಟಿ. ಇಂಜೆಕ್ಷನ್ ಹಾಕಿಸಿ ತುಂಬಾ ವರ್ಷ ಆಗಿದ್ದರೆ ಡಾಕ್ಟರ್ ಹತ್ತಿರ ಕೇಳಿ.

ಪ್ರಶ್ನೆಗೆ ನನ್ನ ಉತ್ತರ: ಇಳಿಜಾರು ಇರಬೇಕು. ಏರಿಕೆ ಒಂದೇ ಆದರೆ ಅದು ಕಾಲಿನ ಪರೀಕ್ಷೆ ಮಾತ್ರ. ಮೌಂಟನ್ ಬೈಕ್ ಓಡಿಸೋಕೆ ಕೈ, ಕಣ್ಣು, ಧೈರ್ಯ ಎಲ್ಲಾ ಬೇಕು. ಎಂಡ್ಯೂರೋ ಅನ್ನೋ ಮೌಂಟನ್ ಬೈಕ್ ರೇಸುಗಳಲ್ಲಿ ಇಳಿಜಾರಿಗೆ ಮಾತ್ರ ಸಮಯ ಹಿಡಿಯುತ್ತಾರೆ. ಏರಿಕೆಯನ್ನು ಹೆಚ್ಚಾಗಿ ತುಳಿದುಕೊಂಡೇ ಹತ್ತಬೇಕು, ಆದರೆ ಆ ಸಮಯ ಫಲಿತಾಂಶಕ್ಕೆ ಸೇರೋದಿಲ್ಲ. ನಿಮ್ಮಲ್ಲಿ ಅದನ್ನು ಪೂರ್ತಿ ತಿರುಗಿಸಿದ ಹಾಗಾಗುತ್ತೆ.

ತಿರುವಿಗೆ ಒಬ್ಬರಂತೆ ಸೀಟಿ ಕೊಟ್ಟು ನಿಲ್ಲಿಸಿ. ಸಮಸ್ಯೆ ಮುಗೀತು ಅಲ್ವಾ?

---

ಏಲಕ್ಕಿ · ಭಾನುವಾರ, ರಾತ್ರಿ 9:32

ಮುಗಿಯಲಿಲ್ಲ ಅಣ್ಣ. ಓಣಿಯಲ್ಲಿ ಎಷ್ಟು ತಿರುವು ಇದೆ ಅಂತ ಬಾಣೆಬೈಕು ಹೇಳಲಿ. ಎಂಟೋ ಒಂಬತ್ತೋ ಇರುತ್ತೆ. ಆರು ಜನ ಓಡಿಸೋರು, ಇಬ್ಬರು ಗಡಿಯಾರಕ್ಕೆ. ಸೀಟಿ ಊದೋರು ಯಾರು?

ನಾನು ಹುಟ್ಟಿ ಬೆಳೆದಿದ್ದು ತೋಟದಲ್ಲೇ. ತೋಟದ ದಾರಿ ನಮಗೆ ಟ್ರ್ಯಾಕ್ ಥರ ಕಾಣುತ್ತೆ. ಲೈನ್ ಮನೆಯವರಿಗೆ ಅದು ಮನೆ ಮುಂದಿನ ಬೀದಿ. ಮಕ್ಕಳು ಅಲ್ಲೇ ಆಡ್ತಾರೆ, ಕೋಳಿ ಅಲ್ಲೇ ಓಡಾಡುತ್ತೆ, ನೀರು ತರೋದೂ ಅಲ್ಲೇ. ಚಿಕ್ಕಪ್ಪ ಒಪ್ಪಿಗೆ ಕೊಟ್ಟರು ಸರಿ. ಅಲ್ಲಿ ದಿನಾ ನಡೆಯುವವರನ್ನು ಯಾರಾದರೂ ಕೇಳಿದ್ರಾ?

ಎಂಡ್ಯೂರೋ ರೇಸಲ್ಲಿ ದಾರಿಯನ್ನು ಮುಚ್ಚಿರುತ್ತಾರೆ. ಇದು ಮುಚ್ಚಿದ ದಾರಿ ಅಲ್ಲ.

---

ಹಳೇಚೈನು · ಭಾನುವಾರ, ರಾತ್ರಿ 10:05

ನಾನು ಸೈಕಲ್ ರಿಪೇರಿ ಮಾಡುವವನು. 30 ವರ್ಷದಿಂದ ಇದೇ ಕೆಲಸ. ಇಬ್ಬರ ಮಾತಿಗೂ ಸೇರುವ ಒಂದು ಕಥೆ ಹೇಳುತ್ತೇನೆ.

ಮೌಂಟನ್ ಬೈಕ್ ರೇಸ್ ಅನ್ನೋದು ಬೆಳೆದಿದ್ದೇ ಗೆಳೆಯರ ಟೈಮ್ ಟ್ರಯಲ್‌ನಿಂದ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಫೇರ್‌ಫ್ಯಾಕ್ಸ್ ಊರಿನ ಹತ್ತಿರದ ಗುಡ್ಡದಲ್ಲಿ 1976ರ ಅಕ್ಟೋಬರ್ 21ರಂದು ಮೊದಲನೇದು ನಡೆಯಿತು. ಚಾರ್ಲಿ ಕೆಲ್ಲಿ ಮತ್ತು ಅವರ ಗೆಳೆಯರು ಹಳೇ ದಪ್ಪ ಟೈರಿನ ಸೈಕಲ್ಲುಗಳನ್ನು ಮೇಲೆ ಸಾಗಿಸಿ ಒಬ್ಬೊಬ್ಬರಾಗಿ ಇಳಿದರು. ಸುಮಾರು 3 ಕಿ.ಮೀ. ದಾರಿ, 400 ಮೀಟರ್ ಇಳಿಜಾರು. ನಮ್ಮಲ್ಲಿ ಯಾರು ವೇಗ ಅನ್ನೋ ವಾದ ತೀರಿಸೋಕೆ ಗಡಿಯಾರ ಇಟ್ಟರು, ಅಷ್ಟೇ. ಆ ಸೈಕಲ್ಲುಗಳಲ್ಲಿ ಹಿಂದಕ್ಕೆ ತುಳಿದರೆ ಹಿಡಿಯುವ ಹಬ್ ಬ್ರೇಕ್ ಇತ್ತು. ಒಂದು ಸಲ ಇಳಿಯುವಷ್ಟರಲ್ಲಿ ಹಬ್ ಒಳಗಿನ ಗ್ರೀಸ್ ಸುಟ್ಟು ಹೊಗೆ ಬರುತ್ತಿತ್ತು. ಪ್ರತಿ ಸಲ ಬಿಚ್ಚಿ ಮತ್ತೆ ಗ್ರೀಸ್ ತುಂಬಬೇಕು. ಅದಕ್ಕೇ ಆ ರೇಸಿಗೆ ರೀಪ್ಯಾಕ್, ಅಂದರೆ ಮತ್ತೆ ತುಂಬು, ಅನ್ನೋ ಹೆಸರು ಬಂತು. ಅಲ್ಲಿ ಗ್ಯಾರಿ ಫಿಶರ್ ಅವರ 4 ನಿಮಿಷ 22 ಸೆಕೆಂಡಿನ ದಾಖಲೆಯನ್ನು ಯಾರೂ ಮುರಿಯಲಿಲ್ಲ.

ಅಂದರೆ ಇಳಿಜಾರಿಗೆ ಸಮಯ ಹಿಡಿಯೋದು ಈ ಆಟದ ಬೇರಿನಲ್ಲೇ ಇದೆ, ಗಾಳಿಬೀಡಿನ ತಮ್ಮ ಹೇಳಿದ್ದು ನಿಜ. ಆದರೆ ಅದು ಖಾಲಿ ಗುಡ್ಡ. ಸೌದೆ ಹೊತ್ತು ಬರುವವರು ಇದ್ದ ಓಣಿ ಅಲ್ಲ. ನನ್ನ ಓಟು ಏಲಕ್ಕಿಗೆ.

ಬ್ರೇಕ್ ಬಗ್ಗೆ ಒಂದು ಮಾತು. ಸಮಯ ಹಿಡಿಯಲಿ ಬಿಡಲಿ, ಹತ್ತಿದವರು ಇಳಿಯಲೇಬೇಕು. ಉದ್ದ ಇಳಿಜಾರಿನಲ್ಲಿ ಲಿವರ್ ಸವರಿಕೊಂಡೇ ಇಳಿದರೆ ಡಿಸ್ಕ್ ಕಾದು ಪ್ಯಾಡ್ ಮೇಲ್ಮೈ ಗಾಜಿನ ಹಾಗೆ ಹೊಳೆಯುತ್ತೆ. ಆಮೇಲೆ ಎಷ್ಟು ಒತ್ತಿದರೂ ಹಿಡಿಯೋದಿಲ್ಲ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿಯಿರಿ, ತಿರುವಿನಲ್ಲಿ ಬಿಡಿ. ನಮ್ಮ ಕಡೆಯ ಕೆಸರಿಗೆ ರೆಸಿನ್ ಪ್ಯಾಡ್ ಬೇಗ ಸವೆಯುತ್ತೆ, ಲೋಹದ ಪ್ಯಾಡ್ ಬಾಳಿಕೆ ಜಾಸ್ತಿ, ಸ್ವಲ್ಪ ಸದ್ದು ಮಾಡುತ್ತೆ. ಆದರೆ ಕೆಲವು ಡಿಸ್ಕ್ ಮೇಲೆ ರೆಸಿನ್ ಪ್ಯಾಡ್ ಮಾತ್ರ ಅಂತ ಬರೆದಿರುತ್ತೆ, ನೋಡಿಕೊಂಡು ಹಾಕಿ.

ಮುರಿದ ಲಿವರ್ ಬದಲಾಯಿಸುವಾಗ ಎಣ್ಣೆ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಮಿನರಲ್ ಆಯಿಲ್ ಬ್ರೇಕಿಗೆ ಡಾಟ್ (DOT) ಅನ್ನೋ ಬೇರೆ ಜಾತಿಯ ಬ್ರೇಕ್ ಎಣ್ಣೆ ಹಾಕಿದರೆ ಒಳಗಿನ ರಬ್ಬರ್ ಸೀಲು ಹಾಳಾಗುತ್ತೆ. ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

---

ಕುಶಾಲನಗರ_ಪೆಡಲ್ · ಸೋಮವಾರ, ಬೆಳಿಗ್ಗೆ 6:50

ರೈಟರ್ ಪುಸ್ತಕ ಯಾಕೆ? ಎಲ್ಲರ ಫೋನಲ್ಲೂ ಸವಾರಿಯ ದಾರಿ, ಸಮಯ ಬರೆದಿಡುವ ಸ್ಟ್ರಾವಾ ಆ್ಯಪ್ ಇರುತ್ತೆ. ಅದರಲ್ಲಿ ಶುರು, ಕೊನೆ ಗುರುತು ಮಾಡಿ ಒಂದು ಸೆಗ್ಮೆಂಟ್ ಮಾಡಿ, ತಾನಾಗಿ ಸಮಯ ಬರುತ್ತೆ. ಒಂದೇ ದಿನ ಎಲ್ಲರೂ ಸೇರಬೇಕು ಅಂತಲೂ ಇಲ್ಲ.

---

ಬಾಣೆಬೈಕು · ಸೋಮವಾರ, ಬೆಳಿಗ್ಗೆ 8:20

ಪೆಡಲ್ ಅಣ್ಣ, ಅದನ್ನೂ ಮಾಡಿ ನೋಡಿದೆವು. ನನ್ನ ಏರಿಕೆ ಸ್ಟ್ರಾವಾದಲ್ಲಿ 19:41 ತೋರಿಸಿತು, ಪುಸ್ತಕದಲ್ಲಿ 19:48. ಇನ್ನೊಬ್ಬನಿಗೆ ಅದು 9 ಸೆಕೆಂಡು ಜಾಸ್ತಿ ತೋರಿಸಿತು. ದಟ್ಟ ಮರದ ಕೆಳಗೆ ಜಿ.ಪಿ.ಎಸ್. ಗೆರೆ ದಾರಿ ಬಿಟ್ಟು ಗಿಡದೊಳಗೆ ಹೋಗಿ ಬರುತ್ತೆ. ಎಲ್ಲಿ ಶುರು, ಎಲ್ಲಿ ಕೊನೆ ಅನ್ನೋದೇ ಕೆಲವು ಮೀಟರ್ ಆಚೀಚೆ ಆಗುತ್ತೆ. ಏರಿಕೆಯಲ್ಲಿ ಗೆದ್ದವನಿಗೂ ನನಗೂ 28 ಸೆಕೆಂಡು ಅಂತರ ಇರುವಾಗ ಇಷ್ಟು ತಪ್ಪು ದೊಡ್ಡದೇ.

ಆಮೇಲೆ, ಎಲ್ಲರೂ ಒಂದೇ ಬೆಳಿಗ್ಗೆ ಸೇರೋದೇ ನನಗೆ ಮುಖ್ಯ. ಒಂದೇ ಮಂಜು, ಒಂದೇ ಕೆಸರು. ಬಂದವರೆಲ್ಲಾ ಕಣದಲ್ಲಿ ಕೂತು, ಇನ್ನೂ ಬಾರದವನ ಚಕ್ರದ ಸದ್ದಿಗೆ ಕಿವಿಗೊಟ್ಟು ಕಾಯುವ ಆ ಹತ್ತು ನಿಮಿಷ ಆ್ಯಪಲ್ಲಿ ಸಿಗೋದಿಲ್ಲ.

ಏಲಕ್ಕಿ ಅಕ್ಕ, ಓಣಿಯಲ್ಲಿ ಒಂಬತ್ತು ತಿರುವು. ಲೈನ್ ಮನೆಯವರನ್ನು ನಾವು ಕೇಳಿರಲಿಲ್ಲ.

---

ಲೆಕ್ಕದಮೇಷ್ಟ್ರು · ಸೋಮವಾರ, ಮಧ್ಯಾಹ್ನ 1:10

ಬಾಣೆಬೈಕು, ನೀವೇ ಕೊಟ್ಟ ಅಂಕಿಗಳನ್ನು ನೋಡಿ. ಗೆದ್ದವರಿಗೂ ನಿಮಗೂ ಒಟ್ಟು ಅಂತರ 83 ಸೆಕೆಂಡು. ಅದರಲ್ಲಿ ಏರಿಕೆಯದು 28. ಇಳಿಜಾರಿನದು 55. ಏರಿಕೆಗೆ ಇಪ್ಪತ್ತು ನಿಮಿಷ, ಇಳಿಜಾರಿಗೆ ಆರು. ಆದರೂ ರೇಸ್ ತೀರ್ಮಾನ ಆಗಿದ್ದು ಆ ಆರು ನಿಮಿಷದಲ್ಲಿ. ಅಂದರೆ ಮುಂದಿನ ಸಲ ಗೆಲ್ಲಬೇಕು ಅನ್ನೋರೆಲ್ಲಾ ಆ ಓಣಿಯಲ್ಲೇ ಇನ್ನೂ ಜೋರಾಗಿ ಇಳಿಯುತ್ತಾರೆ. ನಿಯಮ ಹಾಗೇ ಇಟ್ಟರೆ ಅದೇ ತಿರುವಿಗೆ ಎಲ್ಲರನ್ನೂ ತಳ್ಳಿದಂತೆ.

ಏರಿಕೆಯಲ್ಲೂ ಕಲಿಯೋಕೆ ಬೇಕಾದಷ್ಟಿದೆ. ಒಂದು ಅಂದಾಜು ಹಾಕುತ್ತೇನೆ. ಸವಾರ 70 ಕೆಜಿ, ಬೈಕು 13 ಕೆಜಿ, ಒಟ್ಟು 83. ಅದನ್ನು 210 ಮೀಟರ್ ಎತ್ತೋಕೆ ಸುಮಾರು 171 ಕಿಲೋಜೌಲ್ ಬೇಕು. ಸರಾಸರಿ 200 ವಾಟ್ ತುಳಿದರೆ ಬರೀ ಎತ್ತೋಕೆ 14 ನಿಮಿಷ 14 ಸೆಕೆಂಡು. ನಿಮ್ಮ 19:48ರಲ್ಲಿ ಉಳಿದ ಐದೂವರೆ ನಿಮಿಷ ಎಲ್ಲಿಗೆ ಹೋಯಿತು? ಹೆಚ್ಚಿನದು ಟೈರಿಗೂ ಮಣ್ಣಿಗೂ. ಈ ವೇಗದಲ್ಲಿ ಗಾಳಿಯ ಪಾಲು ಕಡಿಮೆ.

ಹಾಗಾಗಿ ಎರಡು ಕಡೆ ಸಮಯ ಉಳಿಸಬಹುದು. ಒಂದು, ತೂಕ. ಪ್ರತಿ ಕೆಜಿಗೆ ಎತ್ತುವ ಲೆಕ್ಕದಲ್ಲೇ ಸುಮಾರು 10 ಸೆಕೆಂಡು. ಇಪ್ಪತ್ತು ನಿಮಿಷಕ್ಕೆ ಎರಡು ಲೀಟರ್ ನೀರು ಹೊರೋದು ಬೇಡ. ಎರಡು, ಟೈರಿನ ಗಾಳಿ. ಕಲ್ಲುಬೇರಿನ ದಾರಿಯಲ್ಲಿ ಗಾಳಿ ಜಾಸ್ತಿ ತುಂಬಿದರೆ ಚಕ್ರ ಪುಟಿಯುತ್ತೆ, ತುಳಿದ ಶಕ್ತಿ ಪುಟಿತದಲ್ಲಿ ಹೋಗುತ್ತೆ.

ಮೂರನೇದು ಎಲ್ಲಕ್ಕಿಂತ ದೊಡ್ಡದು. ಮೊದಲ ಕಿ.ಮೀ. ಜೋರಾಗಿ ತುಳಿದೆ ಅಂದ್ರಲ್ಲ, ಅಲ್ಲೇ ನಿಮ್ಮ 28 ಸೆಕೆಂಡು ಇರಬಹುದು. ಮೊದಲ ಐದು ನಿಮಿಷ, ಇನ್ನೂ ಸ್ವಲ್ಪ ಜೋರಾಗಿ ಹೋಗಬಹುದಿತ್ತು ಅನ್ನಿಸುವಷ್ಟು ಹಿಡಿದು ತುಳಿಯಿರಿ. ಹೊರಡುವ ಮುಂಚೆ 15 ನಿಮಿಷ ಹಗುರಾಗಿ ತುಳಿದು ಮೈ ಬಿಸಿ ಮಾಡಿಕೊಳ್ಳಿ. ತಣ್ಣಗಿನ ಕಾಲಿನಲ್ಲಿ ಹೊರಟರೆ ಆ ಉರಿ ಬೇಗ ಬರುತ್ತೆ.

---

ಹಳೇಚೈನು · ಸೋಮವಾರ, ಸಂಜೆ 5:45

ಮೇಷ್ಟ್ರ ಗಾಳಿ ಮಾತಿಗೆ ಸೇರಿಸುತ್ತೇನೆ. ಎರಡೂಕಾಲು ಇಂಚಿನ ಟ್ಯೂಬ್‌ಲೆಸ್ ಟೈರಿಗೆ 70 ಕೆಜಿ ಸವಾರ ಆದರೆ ಮುಂದೆ 21ರಿಂದ 22, ಹಿಂದೆ 24 ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ) ಇಟ್ಟು ಶುರು ಮಾಡಿ. ಟ್ಯೂಬು ಇದ್ದರೆ 28ರಿಂದ 30ಕ್ಕಿಂತ ಕೆಳಗೆ ಬೇಡ. ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಹಾವು ಕಡಿದ ಹಾಗೆ ಎರಡು ತೂತು ಬೀಳುತ್ತೆ.

---

ಅಮ್ಮತ್ತಿ_ಸವಾರ · ಸೋಮವಾರ, ರಾತ್ರಿ 9:00

ನೀವೆಲ್ಲಾ ಮರೆತಿರುವ ಒಂದು ವಿಷಯ ಇದೆ. ಆನೆ.

ನಮ್ಮ ಅಮ್ಮತ್ತಿ, ಸಿದ್ದಾಪುರ ಕಡೆ ತೋಟದೊಳಗೇ ಆನೆ ನಿಲ್ಲುತ್ತೆ. ಹಲಸಿನ ಕಾಲದಲ್ಲಂತೂ ಕೇಳೋದೇ ಬೇಡ. ಗುಂಪಾಗಿ ಹೋದರೆ ಮಾತು, ನಗು, ಸದ್ದು ಇರುತ್ತೆ, ಅದಕ್ಕೂ ಗೊತ್ತಾಗುತ್ತೆ. ಟೈಮ್ ಟ್ರಯಲ್‌ನಲ್ಲಿ ಒಬ್ಬನೇ, ಸದ್ದಿಲ್ಲದೆ, ತಲೆ ತಗ್ಗಿಸಿ ಮಂಜಿನೊಳಗೆ ಹೋಗ್ತಾನೆ. ಎದುರು ಸಿಕ್ಕರೆ ಜೊತೆಗೆ ಯಾರೂ ಇಲ್ಲ. ಹಿಂದಿನವನು ಎರಡು ನಿಮಿಷ ದೂರ.

ನಾವು ಇಲ್ಲಿ ಓಡಿಸುವ ದಿನ ಬೆಳಿಗ್ಗೆ ಮೊದಲು ತೋಟದ ವಾಚ್‌ಮನ್ ಮಾತು ಕೇಳುತ್ತೇವೆ. ಹೊಸ ಲದ್ದಿ, ಮುರಿದ ಬೈನೆ ಮರ ಕಂಡಿದೆ ಅಂದರೆ ಆ ದಿನ ರೇಸ್ ಇಲ್ಲ. ಮಂಜು ತೆಳುವಾಗುವವರೆಗೆ ಯಾರನ್ನೂ ಬಿಡೋದಿಲ್ಲ. ಕಿವಿಗೆ ಇಯರ್‌ಫೋನ್ ಹಾಕಿದವರನ್ನು ಸೇರಿಸೋದಿಲ್ಲ. ಮೇಲೆ ನಿಂತವನ ಹತ್ತಿರ ಪಟ್ಟಿ ಇರುತ್ತೆ. ಅಂದಾಜಿಗಿಂತ ಹತ್ತು ನಿಮಿಷ ತಡ ಆದರೆ ಹುಡುಕೋಕೆ ಇಬ್ಬರು ಹೊರಡ್ತಾರೆ.

ಚೇರಂಬಾಣೆ ಕಡೆ ನಮ್ಮಷ್ಟು ಕಾಟ ಇಲ್ಲದೇ ಇರಬಹುದು. ಆದರೂ ಕೇಳಿಕೊಂಡೇ ಹೊರಡಿ.

---

ಮಕ್ಕಂದೂರು_ಮಣ್ಣು · ಮಂಗಳವಾರ, ಬೆಳಿಗ್ಗೆ 7:30

ಅಮ್ಮತ್ತಿಯವರು ಹೇಳಿದ್ದಕ್ಕೆ ನನ್ನದೊಂದು. ಹಿಂದಿನ ದಿನ ಪೂರ್ತಿ ದಾರಿಯನ್ನು ನಡೆದು ನೋಡಿ. ಬೈಕಲ್ಲಿ ಅಲ್ಲ, ನಡೆದು. 2018ರ ಆಗಸ್ಟಿನಲ್ಲಿ ನಮ್ಮ ಕಡೆ ಗುಡ್ಡ ಜಾರಿದ್ದು ಎಲ್ಲರಿಗೂ ಗೊತ್ತು. ನಾನು ಚಿಕ್ಕಂದಿನಿಂದ ಓಡಾಡಿದ ಎರಡು ದಾರಿ ಈಗ ಇಲ್ಲವೇ ಇಲ್ಲ. ಇರುವ ದಾರಿಗಳಲ್ಲೂ ಮಳೆಗಾಲ ಕಳೆದ ಮೇಲೆ ಅಂಚಿನ ಮಣ್ಣು ಒಳಗೆ ಟೊಳ್ಳಾಗಿ ಮೇಲೆ ಹುಲ್ಲು ಮಾತ್ರ ನಿಂತಿರುತ್ತೆ. ಕಣ್ಣಿಗೆ ದಾರಿ ಅಗಲ ಕಾಣುತ್ತೆ. ಚಕ್ರ ಇಟ್ಟರೆ ಕುಸಿಯುತ್ತೆ. ಅಂಥ ಕಡೆ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿ.

---

ಗಾಳಿಬೀಡು_ಗಾಳಿ · ಮಂಗಳವಾರ, ರಾತ್ರಿ 8:10

ಮೇಷ್ಟ್ರು ಬಿಡಿಸಿ ಇಟ್ಟ 28 ಮತ್ತು 55ರ ಲೆಕ್ಕ ನನ್ನ ಮನಸ್ಸು ಬದಲಾಯಿಸಿತು. ಆ ಓಣಿಯಲ್ಲಿ ಸಮಯ ಹಿಡಿಯೋದು ಬೇಡ. ನಾನು ಒಪ್ಪುತ್ತೇನೆ.

ಆದರೆ ಏರಿಕೆ ಒಂದೇ ಆದರೆ ಯಾವಾಗಲೂ ಅದೇ ಇಬ್ಬರು ಗೆಲ್ತಾರೆ. ಉಳಿದವರಿಗೆ ಎರಡನೇ ಸಲ ಬರೋಕೆ ಏನು ಕಾರಣ? ಅದಕ್ಕೊಂದು ದಾರಿ ಇದೆ. ಹೊರಡುವ ಮುಂಚೆ ಪ್ರತಿಯೊಬ್ಬರೂ ತಮ್ಮ ಸಮಯ ಎಷ್ಟಾಗಬಹುದು ಅಂತ ಚೀಟಿಯಲ್ಲಿ ಬರೆದು ಕೊಡಲಿ. ವಾಚು, ಫೋನು ಎಲ್ಲಾ ಕಣದಲ್ಲೇ ಬಿಟ್ಟು ಹೋಗಲಿ. ತಾನು ಬರೆದ ಸಮಯಕ್ಕೆ ಯಾರು ಹತ್ತಿರ ಬರ್ತಾರೋ ಅವರಿಗೂ ಒಂದು ಬಹುಮಾನ. ತನ್ನ ಮೈಯನ್ನು ಚೆನ್ನಾಗಿ ಬಲ್ಲವರು ಗೆಲ್ತಾರೆ. ಮೊದಲ ಸಲ ಬಂದವರಿಗೂ ಅವಕಾಶ ಇರುತ್ತೆ.

---

ಏಲಕ್ಕಿ · ಮಂಗಳವಾರ, ರಾತ್ರಿ 8:25

ಇದು ತುಂಬಾ ಚೆನ್ನಾಗಿದೆ. ಫೋನನ್ನು ಮಾತ್ರ ಬಿಟ್ಟು ಹೋಗೋದು ಬೇಡ, ಏನಾದರೂ ಆದರೆ ಬೇಕು. ಬ್ಯಾಗಿನೊಳಗೆ ಇರಲಿ, ತೆಗೆದು ನೋಡಬಾರದು ಅಷ್ಟೇ.

ಬಿಡುವ ಕ್ರಮದ ಬಗ್ಗೆಯೂ ಯೋಚಿಸಿ. ಫ್ರಾನ್ಸಿನ ದೊಡ್ಡ ಸೈಕಲ್ ರೇಸ್ ಟೂರ್ ದ ಫ್ರಾನ್ಸ್‌ನ ಟೈಮ್ ಟ್ರಯಲ್‌ನಲ್ಲಿ ಒಟ್ಟಾರೆ ಮುಂದಿರುವವರು ಕೊನೆಗೆ ಹೊರಡ್ತಾರೆ. 1989ರಲ್ಲಿ ಕೊನೇ ದಿನ ವರ್ಸೈನಿಂದ ಪ್ಯಾರಿಸ್‌ಗೆ 24.5 ಕಿ.ಮೀ. ಟೈಮ್ ಟ್ರಯಲ್ ಇತ್ತು. ಗ್ರೆಗ್ ಲೆಮಾಂಡ್ 50 ಸೆಕೆಂಡು ಹಿಂದಿದ್ದವರು. ತಮ್ಮದನ್ನು ಮುಗಿಸಿ ನಿಂತು, ಒಟ್ಟಾರೆ ಮುಂದಿದ್ದ ಲೊರಾಂ ಫಿನ್ಯೋ ಬರೋದನ್ನೇ ಕಾಯ್ತಿದ್ದರು. ಮೂರು ವಾರದ ರೇಸನ್ನು ಕೊನೆಗೆ 8 ಸೆಕೆಂಡಿನಿಂದ ಗೆದ್ದರು. ನೀವು ಕಣದಲ್ಲಿ ಕಿವಿಗೊಟ್ಟು ಕೂತಿದ್ದೆವು ಅಂದಾಗ ನನಗೆ ಅದೇ ನೆನಪಾಯಿತು.

ಆದರೆ ಅದು ಅಗಲ ರಸ್ತೆ. ನಿಮ್ಮ ದಾರಿಯಲ್ಲಿ ನಿಧಾನದವರನ್ನು ಮೊದಲು ಬಿಟ್ಟರೆ ಜೋರಿನವರು ಹಿಡಿದು, ಇಕ್ಕಟ್ಟಿನಲ್ಲಿ ದಾಟೋಕೆ ನೋಡ್ತಾರೆ. ಜೋರಿನವರನ್ನೇ ಮೊದಲು ಬಿಡಿ.

---

ಬಾಣೆಬೈಕು · ಗುರುವಾರ, ರಾತ್ರಿ 9:20

ಇವತ್ತು ಸಂಜೆ ನಾನೂ ಬಿದ್ದ ಗೆಳೆಯನೂ ಲೈನ್ ಮನೆಗೆ ಹೋಗಿದ್ದೆವು. ಆ ಅಕ್ಕನನ್ನು ನೋಡಿ ತಪ್ಪಾಯಿತು ಅಂತ ಹೇಳಿದೆವು. ಬೆಲ್ಲದ ಕಾಫಿ ಕೊಟ್ಟರು. "ಬೈಕು ಓಡಿಸಬೇಡಿ ಅಂತ ನಾನು ಹೇಳಲ್ಲ, ಯಾವಾಗ ಬರ್ತೀರಿ ಅಂತ ಮೊದಲೇ ಹೇಳಿ" ಅಂದರು. ಭಾನುವಾರ ಏಳರಿಂದ ಎಂಟೂವರೆವರೆಗೆ ಎಲ್ಲರೂ ಸೌದೆ, ನೀರು ಅಂತ ದಾರಿಯಲ್ಲೇ ಇರ್ತಾರಂತೆ. ಒಂಬತ್ತಕ್ಕೆ ಅಡುಗೆ ಕೆಲಸ, ಆಗ ಓಣಿ ಖಾಲಿ. ಮಕ್ಕಳನ್ನು ಅಂಗಳದಲ್ಲೇ ಕೂರಿಸುತ್ತೇವೆ ಅಂತ ಅವರೇ ಹೇಳಿದರು.

ನಾವು ಆರು ಜನ ಸೇರಿ ತೀರ್ಮಾನ ಮಾಡಿದ್ದು ಹೀಗೆ. ಸಮಯ ಏರಿಕೆಗೆ ಮಾತ್ರ. ಹೊರಡೋದು 9:15ಕ್ಕೆ. ಜೋರಿನವರು ಮೊದಲು. ಕೊನೆಯವನು ಬಾಣೆ ತಲುಪಿದ ಮೇಲೆ ಎಲ್ಲರೂ ಒಟ್ಟಿಗೆ, ಗಂಟೆ ಬಾರಿಸುತ್ತಾ ನಿಧಾನ ಇಳಿಯೋದು. ಚೀಟಿ ಇರುತ್ತೆ. ಶನಿವಾರ ಸಂಜೆ ದಾರಿ ನಡೆದು ನೋಡ್ತೇವೆ. ಆನೆ ವಿಷಯ ವಾಚ್‌ಮನ್ ಹೇಳ್ತಾರೆ. ಮುರಿದ ರೆಕ್ಕೆಗೆ ಚಿಕ್ಕಪ್ಪ ದುಡ್ಡು ಬೇಡ ಅಂದರು. ಕೊಯ್ಲಿನಲ್ಲಿ ಒಂದು ದಿನ ಬಂದು ಹಣ್ಣು ಕೊಯ್ಯಿರಿ ಅಂದಿದ್ದಾರೆ. ಆರೂ ಜನ ಹೋಗ್ತೇವೆ.

---

ಬಾಣೆಬೈಕು · ಮೂರು ವಾರದ ಬಳಿಕ, ಭಾನುವಾರ, ಮಧ್ಯಾಹ್ನ 2:30

ಎರಡನೇ ಟೈಮ್ ಟ್ರಯಲ್ ಮುಗಿಯಿತು. ಯಾರೂ ಬೀಳಲಿಲ್ಲ.

ಮೇಷ್ಟ್ರೇ, ನಿಮ್ಮ ಮಾತು ಕೇಳಿ ಒಂದೇ ಬಾಟಲಿ ಒಯ್ದೆ, ಅದರಲ್ಲೂ ಅರ್ಧ ನೀರು. ಲೈನ್ ಮನೆವರೆಗೆ ಬೇಕಂತಲೇ ಹಿಡಿದು ತುಳಿದೆ. ಆ ಐದು ನಿಮಿಷ ತುಂಬಾ ಕಷ್ಟ ಆಯಿತು, ಕಾಲು ಕೇಳುತ್ತಲೇ ಇತ್ತು. ಸಿಲ್ವರ್ ಮರಗಳ ಹತ್ತಿರ ಪೂರ್ತಿ ಜೋರು ಮಾಡಿದೆ. ಕೊನೆಯ ಬಂಡೆಗೆ ಹೋಗುವಾಗ ಬಾಯಲ್ಲಿ ರಕ್ತದ ರುಚಿ. 19:09. ಹಿಂದಿನದಕ್ಕಿಂತ 39 ಸೆಕೆಂಡು ಕಡಿಮೆ. ಗೆದ್ದವನದು 19:02, ನನಗೂ ಅವನಿಗೂ 7 ಸೆಕೆಂಡು. ಚೀಟಿಯಲ್ಲಿ ನಾನು 19:30 ಬರೆದಿದ್ದೆ. ಚೀಟಿ ಗೆದ್ದಿದ್ದು ಬಿದ್ದಿದ್ದ ಗೆಳೆಯ. ಬರೆದಿದ್ದು 22:00, ಬಂದಿದ್ದು 22:03.

ಇನ್ನೊಂದು ಹೇಳಬೇಕು. ಎಲ್ಲರೂ ಇಳಿದು ಕಣಕ್ಕೆ ಬಂದಾಗ ಆ ಅಕ್ಕನ ಮಗ ಬಂದು ನಿಂತಿದ್ದ. ಎಂಟನೇ ಕ್ಲಾಸು. ನಾನೂ ಒಂದು ಸಲ ಹೋಗಲಾ ಅಂತ ಕೇಳಿದ. ಅವನಮ್ಮ ಸರಿ ಅಂದರು. ಸೀಟು ಪೂರ್ತಿ ಇಳಿಸಿ, ಹೆಲ್ಮೆಟ್ ಬಿಗಿ ಮಾಡಿ, ನನ್ನ ಬೈಕು ಕೊಟ್ಟೆ. ಗೇರು ಹೇಗೆ ಹಾಕೋದು ಅಂತ ಎರಡು ಸಲ ತೋರಿಸಿದೆ. ತಮ್ಮ ಮತ್ತೆ ಬಾಣೆ ಹತ್ತಿದ. ನಾನು ಸ್ವಲ್ಪ ಹಿಂದೆ ಇನ್ನೊಂದು ಬೈಕಲ್ಲಿ ಹೋದೆ. ದಾರಿಯ ಒಂದೊಂದು ಬೇರೂ ಅವನಿಗೆ ಗೊತ್ತು. ಎಲ್ಲಿ ಎಡಕ್ಕೆ ಹೋದರೆ ಕೆಸರು ಇಲ್ಲ ಅನ್ನೋದನ್ನು ಅವನ ಹಿಂದೆ ಹೋಗಿ ನಾನು ಕಲಿತೆ.

21:37. ರೈಟರಣ್ಣ ಪೆನ್ನು ಅವನ ಕೈಗೇ ಕೊಟ್ಟರು. ಪುಸ್ತಕದ ಏಳನೇ ಸಾಲಿನಲ್ಲಿ ಅವನೇ ತನ್ನ ಹೆಸರು ಬರೆದ.